ಅಣ್ಣನ ಮೊಳದುದ್ದದ ಲಾರಿ

ನಮ್ಮ ನಡುಮನೆಯ ಗೋಡೆಗೆ ಹೊಡೆದ ಹಲಗೆಯ ಮೇಲೆ ಹನ್ನೊಂದು ಲಾರಿಗಳು ನಿಂತಿವೆ. ಒಂದೊಂದೂ ಮೊಳದುದ್ದ. ಕೈಯಲ್ಲಿ ರಿಮೋಟ್ ಹಿಡಿದು, ಅದರ ಉದ್ದನೆಯ ಏರಿಯಲ್ ಎಳೆದು, ದೂರದಿಂದಲೇ ಓಡಿಸುವಂಥವು. ಎಲ್ಲವೂ ಹಳೆಯವು. ಕೆಟ್ಟು ಮೂಲೆಗೆ ಬಿದ್ದದ್ದನ್ನೇ ಆರಿಸಿ ತಂದು ನಾನು ಬಿಚ್ಚಿ ಕಟ್ಟಿದ್ದು. ಮನೆಗೆ ಬಂದವರು ಇವು ಮೊಮ್ಮಕ್ಕಳ ಆಟದ ಸಾಮಾನೇ ಎಂದು ಕೇಳುತ್ತಾರೆ. ನನ್ನವೇ ಎಂದರೆ ಒಂದು ಗಳಿಗೆ ನನ್ನ ಮುಖ ನೋಡಿ ಚಹಾದ ಲೋಟದ ಕಡೆ ತಿರುಗುತ್ತಾರೆ. ಯಾಕೆ ಕೂಡಿಸಿದಿರಿ ಎಂದು ಕೆಲವರು ಬಿಡದೆ ಕೇಳುವುದುಂಟು. ಅವರಿಗೆ ನಾನು ಒಂದೊಂದು ದಿನ ಒಂದೊಂದು ಉತ್ತರ ಕೊಟ್ಟಿದ್ದೇನೆ. ಯಾವುದೂ ಸುಳ್ಳಲ್ಲ, ಆದರೆ ಯಾವುದನ್ನು ಹೇಳಿದ ಮೇಲೂ ಇದಲ್ಲವೇನೋ ಅನ್ನಿಸುತ್ತದೆ.

ಇದನ್ನು ಬರೆಯಲು ಕೂತಿರುವುದೂ ನನಗಾದರೂ ತಿಳಿಯಲಿ ಎಂದೇ. ತಿಳಿಯುತ್ತದೆಂಬ ಭರವಸೆ ಭಾಳ ಇಲ್ಲ.

ನಾನು ಹೊಸಪೇಟೆಯಲ್ಲಿ ಲಾರಿ ಮೆಕ್ಯಾನಿಕ್ ಆಗಿದ್ದವನು. ಸಂಡೂರಿನ ಗುಡ್ಡಗಳಿಂದ ಅದಿರು ತುಂಬಿದ ಲಾರಿಗಳು ರೈಲ್ವೆ ಯಾರ್ಡಿಗೆ ಸಾಲುಗಟ್ಟಿ ಬರುತ್ತಿದ್ದ ಕಾಲ. ಊರಲ್ಲಿ ಒಗೆದು ಹಾಕಿದ ಬಿಳಿ ಪಂಚೆ ಒಣಗುವುದರೊಳಗೆ ಕೆಂಪಗಾಗುತ್ತಿತ್ತು. ಡ್ಯಾಮಿನ ಕಾಲುವೆ ನೀರು ಹರಿದ ಮೇಲೆ ನಮ್ಮ ಅಪ್ಪನ ಹೊಲದಲ್ಲೂ ಕಬ್ಬು ಎದ್ದಿತು, ಹೊಲಕ್ಕೆ ಬೆಲೆಯೂ ಬಂತು. ಅಪ್ಪ ಹೋದ ಮೇಲೆ ಅಣ್ಣ ಅದರಲ್ಲಿ ಒಂದು ತುಂಡು ಮಾರಿ ಲಾರಿ ತಂದ. ನೀಲಿ ಮೂತಿ, ಲೋಡು ತುಂಬುವ ಹಳದಿ ಡಾಲಾ, ಹಿಂದೆ ಬರೆದ ಎರಡು ನವಿಲು. ಅಣ್ಣ ಓಡಿಸಬೇಕು, ನಾನು ರಿಪೇರಿ ಮಾಡಬೇಕು, ಹೀಗೆ ಇಬ್ಬರಲ್ಲಿ ಮಾತಾಗಿತ್ತು. ನನಗಿಂತ ಆರು ವರ್ಷ ದೊಡ್ಡವನು. ಅವನು ಕೂತ ಲಾರಿಯ ಸದ್ದನ್ನು ನಾನು ಗ್ಯಾರೇಜಿನ ಒಳಗಿನಿಂದಲೇ ಗುರುತಿಸುತ್ತಿದ್ದೆ.

ಲಾರಿ ತಂದ ಮೂರನೆಯ ವರ್ಷ ಒಂದು ಮುಂಜಾನೆ ಅವನ ಲಾರಿಯ ಬ್ರೇಕು ನಾನೇ ಟೈಟ್ ಮಾಡಿದೆ. ಅವತ್ತೇ ಮಧ್ಯಾಹ್ನ ಲೋಡು ತುಂಬಿಕೊಂಡು ಸಂಡೂರಿನ ಘಾಟು ಇಳಿಯುವಾಗ ತಿರುವಿನಲ್ಲಿ ಲಾರಿ ನಿಲ್ಲಲಿಲ್ಲ. ಕ್ಲೀನರ್ ಮೊದಲೇ ಹಾರಿಕೊಂಡು ಮೊಣಕೈ ತರಚಿಕೊಂಡ. ಲಾರಿ ಬಂಡೆಗೆ ಒರಗಿ ಮಗ್ಗುಲಾಯಿತು. ಅಣ್ಣನ ಬಲಗಾಲಿನ ಪಾದ ಪೆಡಲುಗಳ ನಡುವೆ ಸಿಕ್ಕಿ ನುಜ್ಜಾಯಿತು. ಜೀವ ಉಳಿಯಿತು, ಪಾದವೂ ಉಳಿಯಿತು, ಆದರೆ ಪಾದದ ಕೀಲು ಮಡಚುವುದು ನಿಂತಿತು. ಆಮೇಲೆ ಅವನು ಯಾವ ಗಾಡಿಯ ಪೆಡಲೂ ತುಳಿಯಲಿಲ್ಲ. ಲಾರಿ ಗುಜರಿಗೆ ಹೋಯಿತು.

ನನ್ನ ತಲೆಯಲ್ಲಿ ಉಳಿದದ್ದು ಒಂದು ನಟ್ಟು. ಬ್ರೇಕು ಹದಕ್ಕೆ ತಂದ ಮೇಲೆ ಪ್ರತಿ ಗಾಲಿಗೂ ಒಂದು ಲಾಕ್ ನಟ್ಟು ಬಿಗಿಯಬೇಕು. ಮೂರು ಬಿಗಿದದ್ದು ಚೆನ್ನಾಗಿ ನೆನಪಿದೆ. ಹಿಂದಿನ ಎಡಗಾಲಿಯದ್ದು ಬಿಗಿಯುವ ಹೊತ್ತಿಗೆ ಗ್ಯಾರೇಜಿನ ಮೇಸ್ತ್ರಿ ಇನ್ನೊಂದು ಲಾರಿಯ ಕೆಳಗಿನಿಂದ ನನ್ನನ್ನು ಕೂಗಿದರು. ಎದ್ದು ಹೋದೆ. ತಿರುಗಿ ಬಂದು ಬಿಗಿದೆನೆ? ಬಿಗಿದಂತೆ ನೆನಪಿದೆ, ಪಾನೆ ಜಾರಿ ಬೆರಳಿನ ಗೆಣ್ಣು ಕಿತ್ತದ್ದೂ ನೆನಪಿದೆ. ಪಾನೆ ಹಾಗೇ ನೆಲದ ಮೇಲೆ ಬಿದ್ದಿದ್ದು, ಲಾರಿ ಹೋದ ಮೇಲೆ ನಾನು ಅದನ್ನು ಎತ್ತಿಕೊಂಡದ್ದೂ ಅಷ್ಟೇ ಸ್ಪಷ್ಟವಾಗಿ ನೆನಪಿದೆ. ಎರಡೂ ಹೇಗೆ ನಿಜವಾಗುತ್ತವೆ? ಲಾರಿಯನ್ನು ಗುಜರಿಗೆ ಹಾಕುವ ಮೊದಲು ಹೋಗಿ ನೋಡಬಹುದಿತ್ತು. ಧೈರ್ಯ ಸಾಲದೆ ಹೋಗಲಿಲ್ಲ.

ಅಣ್ಣ ಒಂದು ಮಾತೂ ಕೇಳಲಿಲ್ಲ. ಆಸ್ಪತ್ರೆಯಲ್ಲಿ ಕೇಳಲಿಲ್ಲ, ಮನೆಗೆ ಬಂದ ಮೇಲೂ ಕೇಳಲಿಲ್ಲ. ಗಾದಿಗನೂರಿನ ಕಡೆ ಹೋಗುವ ರಸ್ತೆಯಲ್ಲಿ ಕಾಲುವೆಯ ಸೇತುವೆಯ ಹತ್ತಿರ ಒಂದು ತಗಡಿನ ಶೆಡ್ಡು ಹಾಕಿ ಪಂಕ್ಚರ್ ಅಂಗಡಿ ಇಟ್ಟ. ಕೂತು ಮಾಡುವ ಕೆಲಸ. ನಾನು ದಿನಾ ಸಂಜೆ ಗ್ಯಾರೇಜು ಬಿಟ್ಟು ಸೈಕಲ್ ತುಳಿದು ಅಲ್ಲಿಗೆ ಹೋಗುತ್ತಿದ್ದೆ. ಟೈರು ಕಳಚುತ್ತಿದ್ದೆ, ಗಾಳಿ ಹೊಡೆಯುತ್ತಿದ್ದೆ, ಬೆಂಚಿನ ಮೇಲೆ ಅವನ ಪಕ್ಕ ಕೂತು ಹೋಗುವ ಲಾರಿ ನೋಡುತ್ತಿದ್ದೆ. ಇವತ್ತು ಕೇಳುತ್ತಾನೆ, ನಾಳೆ ಬೈಯುತ್ತಾನೆ ಎಂದು ಕಾಯುತ್ತಿದ್ದೆ. ಅವನು ಮಳೆ, ಟೊಮೇಟೊ ರೇಟು, ಅವ್ವನ ಮೊಣಕಾಲು ಇವುಗಳ ಬಗ್ಗೆ ಮಾತಾಡುತ್ತಿದ್ದ. ಒಮ್ಮೆ ಅತ್ತಿಗೆ ಕಟ್ಟಿ ಕಳಿಸಿದ ಬುತ್ತಿಯಲ್ಲಿ ಇದ್ದ ಒಂದೇ ಹೋಳಿಗೆಯನ್ನು ನನಗೇ ಕೊಟ್ಟ. ಅದೇ ವಾರ ತನ್ನ ಅಂಗಡಿಯ ಗಾಳಿ ಯಂತ್ರ ಕೆಟ್ಟಾಗ ನನಗೆ ಹೇಳದೆ ಬೇರೆ ಮೆಕ್ಯಾನಿಕ್ಕನ್ನು ಕರೆಸಿದ. ಹೋಳಿಗೆಯನ್ನು ನಂಬಬೇಕೋ ಗಾಳಿ ಯಂತ್ರವನ್ನು ನಂಬಬೇಕೋ ನನಗೆ ತಿಳಿಯಲಿಲ್ಲ.

ಇಂಥ ದಿನಗಳಲ್ಲಿ ಮೊದಲ ರಿಮೋಟ್ ಲಾರಿ ನನ್ನ ಕೈಗೆ ಬಂತು. ಹಂಪಿಯ ಗೆಸ್ಟ್ ಹೌಸ್ ಒಂದರಲ್ಲಿ ತಿಂಗಳುಗಟ್ಟಲೆ ಉಳಿದಿದ್ದ ವಿದೇಶಿಯವನು ತಂದದ್ದು. ಬಾಳೆತೋಟದ ಕೆಸರಿನಲ್ಲಿ, ಹೊಳೆಯ ಮರಳಿನಲ್ಲಿ ಓಡಿಸಿ ಅದರ ಪ್ರಾಣ ತೆಗೆದಿದ್ದ. ಊರಿಗೆ ಹೋಗುವಾಗ ಗೆಸ್ಟ್ ಹೌಸಿನವರಿಗೆ ಕೊಟ್ಟು ಹೋದ. ಅವರು ಆಟೋದವನಿಗೆ ಕೊಟ್ಟರು, ಅವನು ನಮ್ಮ ಗ್ಯಾರೇಜಿಗೆ ತಂದು, ಇದೂ ಲಾರಿಯೇ ಅಲ್ಲವೇ, ರಿಪೇರಿ ಮಾಡು ಎಂದು ನನ್ನ ಮುಂದೆ ಇಟ್ಟು ನಕ್ಕ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಬಗ್ಗಿ ಅದರ ಹೊಟ್ಟೆ ನೋಡಿದೆ. ದೊಡ್ಡ ಲಾರಿಯ ಹಾಗೇ ಅದಕ್ಕೂ ಅಚ್ಚಿನ ಹೌಸಿಂಗ್ ಇತ್ತು, ಸ್ಪ್ರಿಂಗ್ ಪಟ್ಟಿಗಳಿದ್ದವು, ಹಿಂದೆ ಜೋಡಿ ಗಾಲಿಗಳಿದ್ದವು. ನನ್ನ ಕೈ ಸುಮ್ಮನಿರಲಿಲ್ಲ.

ಅದರ ಜೊತೆ ಬಂದ ಹಾಳೆ ಜಪಾನಿ ಲಿಪಿಯಲ್ಲಿತ್ತು. ಚಿತ್ರಗಳಿದ್ದವು, ಬಾಣದ ಗುರುತುಗಳಿದ್ದವು. ಒಂದು ವಾರ ಅದನ್ನು ಸರಿಯಾಗಿ ಹಿಡಿದೂ ನೋಡಿದೆ, ತಲೆಕೆಳಗಾಗಿ ಹಿಡಿದೂ ನೋಡಿದೆ. ಕಡೆಗೆ ಹಾಳೆ ಮಡಚಿಟ್ಟು ಗಾಡಿಯನ್ನೇ ಬಿಚ್ಚಿದೆ. ಒಳಗೊಂದು ಪುಟ್ಟ ಡಬ್ಬಿಯಿಂದ ಕಪ್ಪು ವೈರೊಂದು ಹೊರಟು ಎಲ್ಲಿಗೂ ಸೇರದೆ ಜೋತಾಡುತ್ತಿತ್ತು. ಲಾರಿಯಲ್ಲಿ ಎರಡು ಕಡೆ ಸೇರದ ವೈರು ಅಂದರೆ ಯಾರೋ ಮರೆತು ಬಿಟ್ಟದ್ದು. ಕತ್ತರಿಸಿ ಬಿಸಾಕಿದೆ. ಮೋಟಾರು ತೊಳೆದು, ಹಲ್ಲುಚಕ್ರ ಬದಲಿಸಿ, ಬ್ಯಾಟರಿ ಹಾಕಿದರೆ ಗಾಡಿ ಓಡಿತು, ಆದರೆ ರಿಮೋಟನ್ನು ಅದರ ನೆತ್ತಿಯ ಮೇಲೇ ಹಿಡಿದರೆ ಮಾತ್ರ. ನಾನು ಗ್ಯಾರೇಜಿನ ತುಂಬ ಬಗ್ಗಿಕೊಂಡು ಅದರ ಹಿಂದೆ ಓಡಾಡಿದೆ. ಇದಕ್ಕೆ ರಿಮೋಟ್ ಯಾಕೆ, ಹಗ್ಗ ಕಟ್ಟಿ ಎಳೆಯಬಹುದಲ್ಲ ಎಂದರು ಮೇಸ್ತ್ರಿ. ಆಮೇಲೆ ಬಸ್ ಸ್ಟ್ಯಾಂಡಿನ ಹತ್ತಿರದ ರೇಡಿಯೋ ರಿಪೇರಿಯವರು, ಆ ಜೋತಾಡುವ ವೈರೇ ಗಾಡಿಯ ಕಿವಿ, ಅದನ್ನು ಕೊಯ್ದು ಬಿಟ್ಟಿದ್ದೀಯಲ್ಲೋ ಮಾರಾಯ ಎಂದು ನಕ್ಕು ಹೊಸದೊಂದು ಬೆಸೆದುಕೊಟ್ಟರು. ಎಲ್ಲಿಗೂ ಸೇರದ ವೈರಿಗೆ ಅಂಥ ಕೆಲಸ ಇರುತ್ತದೆಂದು ನಂಬಲು ನನಗೆ ಕೆಲವು ದಿನ ಬೇಕಾಯಿತು.

ಅಲ್ಲಿಂದ ಹುಚ್ಚು ಹತ್ತಿತು. ದುಬೈಯಿಂದ ಬಂದವರ ಮನೆ, ಬಳ್ಳಾರಿಯ ಹಳೆ ಸಾಮಾನಿನ ಅಂಗಡಿ, ಮೈನ್ಸಿನ ದೊಡ್ಡ ಸಾಹೇಬರು ವರ್ಗವಾಗಿ ಹೋಗುವಾಗ ಬಿಟ್ಟ ಕಸ, ಎಲ್ಲ ಕಡೆ ಕೇಳಿಕೊಂಡು ತಿರುಗಿದೆ. ಒಂದರ ಮೋಟಾರು ಇನ್ನೊಂದಕ್ಕೆ, ಅದರ ಗಾಲಿ ಮತ್ತೊಂದಕ್ಕೆ ಹಾಕಿದೆ. ನನ್ನ ಹೆಂಡತಿ ಮೊದಲು ಬೈದಳು, ಆಮೇಲೆ ಕುಡಿಯುವುದಕ್ಕಿಂತ ವಾಸಿ ಎಂದು ಬಿಟ್ಟಳು. ನಾನು ಕುಡಿಯುವವನೂ ಆಗಿರಲಿಲ್ಲ. ಅವಳು ಹಾಗೆ ಯಾಕೆ ಅಂದಳೋ!

ಒಂದು ದಿನ ಅಣ್ಣನ ಬೆಂಚಿನ ಮೇಲೆ ಕೂತಿದ್ದಾಗ ಅವನ ಲಾರಿಯನ್ನೇ ಕಟ್ಟಬೇಕು ಎಂಬ ಯೋಚನೆ ಬಂತು. ನೀಲಿ ಮೂತಿ, ಹಳದಿ ಡಾಲಾ, ಎರಡು ನವಿಲು, ಯಾವುದೂ ತಪ್ಪಬಾರದು. ಪೆಡಲು ತುಳಿಯಲು ಪಾದ ಬೇಕು, ಇದಕ್ಕೆ ಬೆರಳು ಸಾಕು. ಅವನ ಮುಂದೆ ಅದನ್ನು ಇಟ್ಟರೆ ಅವನು ಏನಾದರೊಂದು ಅನ್ನಲೇಬೇಕು. ನನ್ನನ್ನು ಬೈಯಬಹುದು. ಕ್ಷಮಿಸಬಹುದು. ನಾನು ಬಾಯಿಬಿಟ್ಟು ಕೇಳಲಾರದ್ದನ್ನು ಆ ಲಾರಿ ಕೇಳುತ್ತದೆ ಎಂದುಕೊಂಡೆ. ಮರುದಿನ ಎದ್ದಾಗ, ಇದು ಗಾಯದ ಮೇಲೆ ಕಡ್ಡಿ ಆಡಿಸಿದಂತೆ ಆಗುತ್ತದಲ್ಲ ಅನ್ನಿಸಿ ಬಿಟ್ಟುಬಿಟ್ಟೆ. ಮೂರನೆಯ ದಿನ ತಗಡು ಕತ್ತರಿಸುತ್ತ ಕೂತಿದ್ದೆ.

ಎಂಟು ತಿಂಗಳು ಹಿಡಿಯಿತು. ಚಾಸಿ, ಮೋಟಾರು ವಿದೇಶದವು. ಮೂತಿ ಎಣ್ಣೆ ಡಬ್ಬಿಯ ತಗಡಿನದು. ಡಾಲಾಕ್ಕೆ ಲಾರಿ ಬಾಡಿ ಕಟ್ಟುವ ಶೆಡ್ಡಿನಲ್ಲಿ ಬಿದ್ದಿದ್ದ ತೇಗದ ಚೂರು. ಅಲ್ಲಿನ ಪೇಂಟರು ಅಣ್ಣನ ದೊಡ್ಡ ಲಾರಿಗೆ ತಾವೇ ಬರೆದಿದ್ದ ನವಿಲನ್ನೇ ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಬರೆದುಕೊಟ್ಟರು. ನವಿಲಿನ ಕಾಲು ಎಷ್ಟು ಎಂದು ಕೇಳಿ ನನ್ನನ್ನೂ ಗಲಿಬಿಲಿ ಮಾಡಿದರು, ಯಾಕೆಂದರೆ ಹಳೆಯದರಲ್ಲಿ ಒಂದು ನವಿಲು ಒಂಟಿಕಾಲಲ್ಲಿ ನಿಂತಿತ್ತೆಂದು ನನ್ನ ನೆನಪು, ಎರಡು ಕಾಲಲ್ಲಿ ಎಂದು ಅವರ ನೆನಪು. ಕಡೆಗೆ ಒಂದಕ್ಕೆ ಒಂದು, ಇನ್ನೊಂದಕ್ಕೆ ಎರಡು ಕಾಲು ಹಾಕಿದೆವು.

ಆಯುಧ ಪೂಜೆಯ ದಿನ ಅಣ್ಣನಿಗೆ ಕೊಡುವುದೆಂದು ಗೊತ್ತು ಮಾಡಿದೆ. ಬೆಳಿಗ್ಗೆ ಗ್ಯಾರೇಜಿನ ಪಾನೆ, ಜಾಕು, ಲಾರಿಗಳಿಗೆಲ್ಲ ಕುಂಕುಮ ಹಚ್ಚಿ ಸಾಲಾಗಿ ಇಟ್ಟಾಗ ಕೊನೆಯಲ್ಲಿ ನನ್ನ ಪುಟ್ಟ ಲಾರಿಯನ್ನೂ ಇಟ್ಟೆ. ಪೂಜೆಗೆಂದು ಅವ್ವನೂ ಬಂದಿದ್ದಳು. ಅವಳು ಲಾರಿ ನೋಡಿದವಳೇ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಹೋಗಿ ನಾಲ್ಕು ಲಿಂಬೆಹಣ್ಣು ತಂದಳು. ಹೊಸ ಗಾಡಿ ಗಾಲಿಯ ಕೆಳಗೆ ಲಿಂಬೆಹಣ್ಣು ಒಡೆಯದೆ ಹೊರಡುವ ಹಾಗಿಲ್ಲ.

ಇದು ಆಟದ ಗಾಡಿ ಅವ್ವಾ ಎನ್ನಬಹುದಿತ್ತು. ಬಾಯಿಗೆ ಬಂದ ಮಾತು ನುಂಗಿಕೊಂಡೆ. ಆ ಲಾರಿಯ ಗತಿ ಏನಾಗಿತ್ತೆಂದು ತಿಳಿದ ತಾಯಿಯ ಮುಂದೆ ಲಿಂಬೆಹಣ್ಣು ಬೇಡ ಎನ್ನಲು ನಾನು ಯಾರು? ಗಾಲಿಯೂ ಲಿಂಬೆಹಣ್ಣೂ ಹೆಚ್ಚು ಕಡಿಮೆ ಒಂದೇ ಎತ್ತರ. ರಿಮೋಟಿನ ಓಟದ ಕಡ್ಡಿ ಮುಂದೆ ತಳ್ಳಿದೆ. ಗಾಡಿ ಗುರ್ ಎಂದಿತು, ಅಲ್ಲೇ ನಿಂತಿತು. ಆಗ ಮೇಸ್ತ್ರಿ ಮುಂದೆ ಬಂದು, ಖಾಲಿ ಗಾಡಿ ಎಲ್ಲಿ ಹಣ್ಣು ಒಡೆಯುತ್ತದೆ, ಲೋಡು ಹಾಕಲೇ ಎಂದರು. ಇಪ್ಪತ್ತು ವರ್ಷ ಲಾರಿಗಳ ಕೆಳಗೆ ಮಲಗಿದ ನನಗೂ ಅದು ಸರಿ ಎನ್ನಿಸಿತು ಎಂಬುದನ್ನು ನೆನೆದರೆ ಈಗಲೂ ನಾಚಿಕೆ. ಅಂಗಳದಲ್ಲಿ ಬಿದ್ದಿದ್ದ ಅದಿರಿನ ಕಲ್ಲುಗಳನ್ನು ಎಲ್ಲರೂ ಸೇರಿ ಡಾಲಾ ತುಂಬ ತುಂಬಿದರು. ಕಡ್ಡಿಯನ್ನು ಕೊನೆಯವರೆಗೂ ತಳ್ಳಿ ಹಿಡಿದೆ. ಲಿಂಬೆಹಣ್ಣು ಅಲುಗಲಿಲ್ಲ. ಗಾಡಿಯ ಹೊಟ್ಟೆಯಿಂದ ಹೊಗೆ ಬಂತು.

ಬಿಚ್ಚಿ ನೋಡಿದರೆ ವೇಗ ಹೆಚ್ಚು ಕಡಿಮೆ ಮಾಡುವ ತಟ್ಟೆ ಕರಗಿ ಹಲ್ಲು ಕಿರಿದಿತ್ತು. ಅದರ ತಾಮ್ರದ ಪಟ್ಟಿ ಕಪ್ಪಾಗಿ, ಪಕ್ಕದ ಪಿಂಗಾಣಿ ತುಂಡು ಎರಡಾಗಿತ್ತು. ಅಂಥದ್ದು ಹೊಸಪೇಟೆಯಲ್ಲಿ ಸಿಗುವ ವಸ್ತುವಲ್ಲ. ಅವ್ವ ಮಾತ್ರ ಸಮಾಧಾನವಾಗಿದ್ದಳು. ದೃಷ್ಟಿ ಇತ್ತು, ಹೊಗೆಯಾಗಿ ಹೋಯಿತು ಎಂದಳು. ಲಿಂಬೆಹಣ್ಣು ಹೋಳು ಮಾಡಿ ಇಟ್ಟಿದ್ದರೆ ಆಗುತ್ತಿತ್ತಲ್ಲ ಎಂದು ಒಬ್ಬರಿಗೂ ಹೊಳೆಯಲಿಲ್ಲ. ನನಗೆ ಅಳುವೂ ಬಂತು, ನಗುವೂ ಬಂತು. ಅಣ್ಣನ ಅಂಗಡಿಗೆ ಅವತ್ತು ಬರಿಗೈಲಿ ಹೋದೆ. ಅವನು ತನ್ನ ಪೂಜೆಯ ಮಂಡಕ್ಕಿ, ಬೆಲ್ಲ ಕೊಟ್ಟ.

ತಟ್ಟೆಗಾಗಿ ಆರು ತಿಂಗಳು ಅಲೆದೆ. ಕಂಪ್ಲಿಯಲ್ಲಿ ಒಂದು ಸಿಕ್ಕಿತು. ರೈಸ್ ಮಿಲ್ಲಿನ ಸಾಹುಕಾರರ ಮನೆ. ಕಾಲುವೆಯ ಭತ್ತ ಅವರ ಮನೆಗೆ ಮಹಡಿ ಏರಿಸಿತ್ತು, ನಡುಮನೆಯಲ್ಲಿ ಗಾಜಿನ ಶೋಕೇಸು ಇಡಿಸಿತ್ತು. ಅದರಲ್ಲಿ ಪ್ಲಾಸ್ಟಿಕ್ ಹೂವು, ಪಿಂಗಾಣಿ ನಾಯಿ, ಅವುಗಳ ನಡುವೆ ಸಿಂಗಪುರದಿಂದ ಯಾರೋ ತಂದುಕೊಟ್ಟ ರಿಮೋಟ್ ಲಾರಿ. ತಂದ ದಿನದಿಂದ ನೆಲ ಮುಟ್ಟಿರಲಿಲ್ಲ. ಇಡೀ ಗಾಡಿ ಕೊಡಿ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.

“ಒಳಗಿಂದು ಒಂದು ಸಾಮಾನು ತಗೊಂತೀನ್ರಿ. ಹೊರಗ ಹೆಂಗೈತಿ ಹಂಗೇ ಇರ್ತೈತ್ರಿ,” ಎಂದೆ.

ಅವರು, ನೋಡಿದವರಿಗೆ ಗೊತ್ತಾಗುತ್ತದೆಯೇ ಎಂದು ಕೇಳಿದರು. ಗೊತ್ತಾಗುವುದಿಲ್ಲ ಎಂದೆ. ಹಾಗಾದರೆ ಆಗಲಿ ಎಂದರು. ಅದಕ್ಕೆ ಬದಲಾಗಿ ಅವರ ಕಾರಿನ ಸೆಲ್ಫ್ ಸ್ಟಾರ್ಟರು ರಿಪೇರಿ ಮಾಡಿಕೊಟ್ಟೆ. ಬರುವಾಗ ತಿರುಗಿ ನೋಡಿದರೆ ಶೋಕೇಸಿನಲ್ಲಿ ಆ ಲಾರಿ ಮೊದಲಿನಷ್ಟೇ ಚಂದ ನಿಂತಿತ್ತು, ನಾನು ಕಳ್ಳತನ ಮಾಡಿದೆನೋ ಬಿಟ್ಟೆನೋ ತಿಳಿಯದೆ ಬಸ್ಸು ಹತ್ತಿದೆ.

ಬೇಸಿಗೆಯ ಒಂದು ಸಂಜೆ, ಬಿಸಿಲು ಇನ್ನೂ ಇರುವಾಗಲೇ, ಲಾರಿಯನ್ನು ಗೋಣಿಚೀಲದಲ್ಲಿ ಸುತ್ತಿ ಸೈಕಲ್ಲಿಗೆ ಕಟ್ಟಿಕೊಂಡು ಅಣ್ಣನ ಅಂಗಡಿಗೆ ಹೋದೆ. ಅಪಘಾತವಾಗಿ ಆಗ ಏಳು ವರ್ಷ. ಬೆಂಚಿನ ಮೇಲೆ ಇಟ್ಟು ಗೋಣಿ ತೆಗೆದೆ. ಅಣ್ಣ ಕೈಯಲ್ಲಿದ್ದ ಟ್ಯೂಬನ್ನು ನೀರಿನ ತೊಟ್ಟಿಗೆ ಬಿಟ್ಟು ಕೈ ಒರೆಸಿಕೊಂಡ. ಲಾರಿಯ ಮೂತಿ ಮುಟ್ಟಿದ, ಡಾಲಾದ ಚಿಲಕ ತೆಗೆದು ಹಾಕಿದ, ಹಿಂದಿನ ನವಿಲುಗಳನ್ನು ಬಗ್ಗಿ ನೋಡಿದ.

“ಹಾರನ್ ಆ ಕಡಿ ಇತ್ತಲ್ಲೋ,” ಎಂದ.

ಅಷ್ಟೇ. ಇದು ಸಿಟ್ಟೇ, ಮೆಚ್ಚುಗೆಯೇ? ಏಳು ವರ್ಷ ಕಾದ ಮಾತು ಹಾರನ್ನಿನ ಬಗ್ಗೆ ಇರುತ್ತದೆಂದು ನಾನು ಅಂದುಕೊಂಡಿರಲಿಲ್ಲ. ರಿಮೋಟನ್ನು ಅವನ ಕೈಗೆ ಕೊಟ್ಟು ಎರಡು ಕಡ್ಡಿಗಳನ್ನು ತೋರಿಸಿದೆ. ಎಡದ್ದು ಮುಂದೆ ತಳ್ಳಿದರೆ ಓಟ, ಬಲದ್ದು ಪಕ್ಕಕ್ಕೆ ತಳ್ಳಿದರೆ ತಿರುವು. ಎಡದ ಕಡ್ಡಿಯನ್ನು ಒಂದು ಹಲ್ಲಿನಷ್ಟಾದರೂ ತಳ್ಳಿ ಹಿಡಿದಿದ್ದರೆ ಇಳಿಜಾರಿನಲ್ಲಿ ಮೋಟಾರೇ ಗಾಡಿಯನ್ನು ತಡೆಯುತ್ತದೆ, ಪೂರ್ತಿ ಬಿಟ್ಟರೆ ಗಾಲಿಗಳು ತಡೆಯಿಲ್ಲದೆ ಉರುಳುತ್ತವೆ, ಗಾಡಿಗೆ ಬೇರೆ ಬ್ರೇಕು ಇಲ್ಲ ಎಂದೂ ಹೇಳಿದೆ. ಬ್ರೇಕು ಎಂಬ ಮಾತು ನನ್ನ ಬಾಯಿಂದ ಅವನ ಮುಂದೆ ಬಿದ್ದದ್ದು ಏಳು ವರ್ಷದಲ್ಲಿ ಅದೇ ಮೊದಲು. ಅವನು ತಲೆಯಾಡಿಸಿದ.

ರಸ್ತೆಯ ಅಂಚಿನಲ್ಲಿ ಲಾರಿಗಳಿಂದ ಉದುರಿದ ಅದಿರಿನ ತುಂಡುಗಳಿದ್ದವು. ಅಣ್ಣ ಕುಂಟುತ್ತ ಹೋಗಿ ಅವನ್ನು ಆರಿಸಿ ಡಾಲಾಕ್ಕೆ ತುಂಬಿದ, ಭಾರ ಎರಡು ಕಡೆ ಸಮ ಇದೆಯೇ ಎಂದು ಕೈಯಿಂದ ನೋಡಿದ. ಅಂಗಡಿಯ ಪಕ್ಕದಿಂದ ಕಾಲುವೆಯ ಏರಿಗೆ ಹತ್ತುವ ಕಚ್ಚಾ ದಾರಿ ಇತ್ತು, ಟ್ರ್ಯಾಕ್ಟರುಗಳು ಹತ್ತಿ ಇಳಿದು ಕಡಿದಾದ ದಾರಿ. ಲಾರಿಯನ್ನು ಅದರ ಮೇಲೆ ಹತ್ತಿಸಿದ. ಎರಡು ಸಲ ಕಲ್ಲಿಗೆ ತಾಗಿಸಿದ, ಮೂರನೆಯ ಸಲ ಅವನ ಬೆರಳಿಗೆ ಗಾಡಿಯ ಮಾತು ತಿಳಿಯಿತು. ಏರಿಯ ಮೇಲೆ ನಿಲ್ಲಿಸಿ, ಹಿಂದೆ ಮುಂದೆ ಮಾಡಿ, ದೊಡ್ಡ ಲಾರಿಯನ್ನು ತಿರುಗಿಸುತ್ತಿದ್ದ ಹಾಗೆಯೇ ತಿರುಗಿಸಿದ. ನನಗೆ ಕಣ್ಣು ತುಂಬಿತು. ಅವನ ಮುಖ ನೋಡಿದೆ. ಅಲ್ಲಿ ಸಂತೋಷ ಕಾಣಲಿಲ್ಲ, ಅವನು ಬಿಗಿಯಾಗಿ ತುಟಿ ಕಚ್ಚಿದ್ದ.

ಗಾಡಿ ಇಳಿಯಲು ತೊಡಗಿತು. ಮೋಟಾರಿನ ಗುರ್ ಎಂಬ ಸದ್ದು ಕೇಳುತ್ತಿತ್ತು. ಅರ್ಧ ದಾರಿಗೆ ಬಂದಾಗ ಸದ್ದು ನಿಂತಿತು. ಅಣ್ಣ ಕಡ್ಡಿಯಿಂದ ಬೆರಳು ತೆಗೆದಿದ್ದ.

“ಬಿಡಬ್ಯಾಡ ಅಣ್ಣ, ಕಡ್ಡಿ ಹಿಡಿ,” ಎಂದೆ.

ಅವನು ಹಿಡಿಯಲಿಲ್ಲ. ಲಾರಿ ಸದ್ದಿಲ್ಲದೆ ಜೋರಾಗಿ ಇಳಿಯಿತು, ಅದಿರಿನ ಭಾರಕ್ಕೆ ಇನ್ನೂ ಜೋರಾಯಿತು, ಕೆಳಗಿನ ತಿರುವಿನಲ್ಲಿ ಎಗರಿ ಕಲ್ಲಿಗೆ ಬಡಿದು ಮಗ್ಗುಲಾಯಿತು. ಗಾಲಿಗಳು ಸ್ವಲ್ಪ ಹೊತ್ತು ತಿರುಗುತ್ತಿದ್ದವು. ಬೇಕೆಂದೇ ಬಿಟ್ಟ, ನನಗೆ ತೋರಿಸಲೆಂದೇ ಬಿಟ್ಟ ಎಂದುಕೊಂಡೆ. ಇಷ್ಟು ವರ್ಷದ ಸಿಟ್ಟು ಕಡೆಗೂ ಹೊರಗೆ ಬಂತು, ಇನ್ನು ಬೈಗುಳ ಬರುತ್ತದೆ ಎಂದು ನಿಂತೆ. ನಿಜ ಹೇಳಬೇಕೆಂದರೆ ಒಳಗೊಳಗೆ ಹಗುರವೂ ಆಯಿತು. ಹಿಂದಿನ ಎಡಗಾಲಿಯ ನಟ್ಟು ಬಿಗಿದೆನೋ ಇಲ್ಲವೋ ಗೊತ್ತಿಲ್ಲ ಎಂದು ನಾನೇ ಹೇಳಿಬಿಟ್ಟೆ. ಒಂದೇ ಉಸಿರಿಗೆ, ಪಾನೆ, ಮೇಸ್ತ್ರಿ, ಎಲ್ಲ ಹೇಳಿದೆ.

ಅಣ್ಣ ರಿಮೋಟನ್ನು ಬೆಂಚಿನ ಮೇಲೆ ಇಟ್ಟ.

“ಬ್ರೇಕ್ ಚಲೋನ ಇತ್ತೋ. ಅವತ್ತು ಘಾಟಿನ ಮ್ಯಾಲಿಂದಾನ ನಾ ಇಂಜಿನ್ ಬಂದ್ ಮಾಡಿ ನ್ಯೂಟ್ರಲ್ ಬಿಟ್ಟಿದ್ದೆ. ದಿನಾ ಹಂಗೇ ಬಿಡ್ತಿದ್ದೆ.”

ಅದಿರು ಲಾರಿಯ ಡ್ರೈವರುಗಳಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಕೆಲಸ. ಇಳಿಜಾರು ಬಂತೆಂದರೆ ಇಂಜಿನ್ ಆರಿಸಿ ಗಾಡಿಯನ್ನು ತನ್ನಷ್ಟಕ್ಕೆ ಉರುಳಲು ಬಿಡುವುದು, ಡೀಸೆಲ್ ಉಳಿಸುವುದು. ಅದೂ ಒಂದು ಜಾಣತನ ಎಂದು ಚಹಾದಂಗಡಿಯಲ್ಲಿ ಹೇಳಿಕೊಳ್ಳುತ್ತಿದ್ದರು. ಇಂಜಿನ್ ಆರಿದರೆ ಬ್ರೇಕಿಗೆ ಗಾಳಿ ಹುಟ್ಟುವುದಿಲ್ಲ, ನಾಲ್ಕು ಸಲ ತುಳಿದರೆ ಇದ್ದದ್ದೂ ಮುಗಿಯುತ್ತದೆ. ಇದನ್ನು ನಾನೇ ನೂರು ಡ್ರೈವರುಗಳಿಗೆ ಹೇಳಿ ಬೈದಿದ್ದೆ. ನನ್ನ ಅಣ್ಣ ಹಾಗೆ ಮಾಡುತ್ತಿದ್ದನೆಂದು ನನ್ನ ತಲೆಗೇ ಬಂದಿರಲಿಲ್ಲ. ಅವನಿಗೆ ನಾನು ಅದನ್ನು ಹೇಳಿದವನೇ ಅಲ್ಲ, ಅವನಿಗೆ ಹೇಳಬೇಕಾಗಿಲ್ಲ ಎಂದುಕೊಂಡಿದ್ದೆ.

ನನ್ನ ಮೈ ಮೇಲಿನ ಹೊರೆ ಇಳಿಯಬೇಕಿತ್ತು. ಇಳಿಯಿತೇ? ಇಳಿದ ಜಾಗದಲ್ಲಿ ಕೆಂಡ ಬಿದ್ದ ಹಾಗಾಯಿತು. ಏಳು ವರ್ಷ ನಾನು ಸರಿಯಾಗಿ ಉಂಡಿರಲಿಲ್ಲ, ಪ್ರತಿ ಲಾರಿಯ ನಟ್ಟನ್ನು ಮೂರು ಮೂರು ಸಲ ಬಿಗಿದು ಗ್ಯಾರೇಜಿನಲ್ಲಿ ನಗೆಗೀಡಾಗಿದ್ದೆ. ಯಾಕೆ ಹೇಳಲಿಲ್ಲ ಎಂದು ಕೇಳಿದೆ.

ಅಣ್ಣ ತೊಟ್ಟಿಯಿಂದ ಟ್ಯೂಬು ಎತ್ತಿ ಗುಳ್ಳೆ ಬರುವ ಜಾಗಕ್ಕೆ ಬೆರಳು ಒತ್ತಿ ಹಿಡಿದ.

“ಮೊದಲು ಮರ್ಯಾದಿ ಅಡ್ಡ ಬಂತು. ಆಮ್ಯಾಲ ನೀ ದಿನಾ ಬರಾಕತ್ತಿ. ಬಂದು ಬಾಜು ಕುಂದರ್ತಿದ್ದಿ. ಯಾಕ ಬರ್ತೀ ಅಂತ ನಂಗ ಗೊತ್ತಿತ್ತು. ಹೇಳಿಬಿಟ್ರ ಬರೂದು ಬಿಡ್ತಿ ಅಂತ ಸುಮ್ಮನಾದೆ.”

ನಾನು ಮಗ್ಗುಲಾಗಿದ್ದ ಲಾರಿಯನ್ನು ಎತ್ತಿದೆ. ಮೂತಿಯ ತಗಡು ಒಳಗೆ ಹೋಗಿತ್ತು. ಗೋಣಿಯಲ್ಲಿ ಸುತ್ತಿ ಸೈಕಲ್ಲಿಗೆ ಕಟ್ಟಿಕೊಂಡು, ಬರುತ್ತೇನೆ ಎಂದೂ ಹೇಳದೆ ಹೊರಟೆ. ದಾರಿಯುದ್ದಕ್ಕೂ ಅವನನ್ನು ಬೈದೆ. ಜೀವಮಾನದಲ್ಲಿ ಅಣ್ಣನನ್ನು ಬೈದದ್ದು ಅದೇ ಮೊದಲು, ಅದೂ ಅವನಿಗೆ ಕೇಳದ ಹಾಗೆ. ನಡುವೆ ಒಮ್ಮೆ, ನಟ್ಟು ಬಿಗಿದಿದ್ದರೆ ಆ ತಿರುವಿನವರೆಗಾದರೂ ಬ್ರೇಕು ಹಿಡಿಯುತ್ತಿತ್ತೋ ಏನೋ ಎಂಬ ಹಳೆಯ ಪ್ರಶ್ನೆ ತಿರುಗಿ ಬಂತು. ಅವನು ಹೇಳಿದ ಮೇಲೂ ಅದು ಹೋಗಿರಲಿಲ್ಲ. ಹಾಗಾದರೆ ನಾನು ಬೈಯುತ್ತಿರುವುದು ಯಾರನ್ನು ಎಂದು ತಿಳಿಯದೆ ಪೆಡಲು ತುಳಿದೆ.

ಮರುದಿನ ಸಂಜೆ ಗ್ಯಾರೇಜು ಮುಚ್ಚಿದ ಮೇಲೆ ಸೈಕಲ್ಲನ್ನು ಮನೆಯ ಕಡೆ ತಿರುಗಿಸಿದೆ. ಅದರ ಮರುದಿನವೂ ಹಾಗೇ ಮಾಡಿದೆ. ಹೆಂಡತಿ ಮೊದಲೆರಡು ದಿನ ಬೇಗ ಬಂದಿರಲ್ಲ ಎಂದಳು, ಮೂರನೆಯ ದಿನ ಮೈಗೆ ಆರಾಮಿಲ್ಲವೇ ಎಂದು ಹಣೆ ಮುಟ್ಟಿ ನೋಡಿದಳು. ನಾನು ಮನೆಯಲ್ಲಿ ಕೂತು ಲಾರಿಯ ಮೂತಿ ಸರಿ ಮಾಡಲು ನೋಡಿದೆ, ತಗಡು ಹದಕ್ಕೆ ಬರಲಿಲ್ಲ. ಸಿಟ್ಟು ಇನ್ನೂ ಇದೆಯೇ ಎಂದು ಎದೆ ತಡವಿ ನೋಡಿಕೊಂಡೆ. ಐದನೆಯ ದಿನಕ್ಕೇ ಅದು ಕಡಿಮೆಯಾಗಿತ್ತು. ಆದರೂ ಹೋಗಲಿಲ್ಲ. ಹೋಗಲು ನನ್ನ ಬಳಿ ಕಾರಣವೇ ಇರಲಿಲ್ಲ. ಏಳು ವರ್ಷ ದಿನಾ ಹೋದ ಜಾಗಕ್ಕೆ ಹೋಗಲು ನನಗೊಂದು ಕಾರಣ ಬೇಕಾಗಿದೆ ಎಂದು ತಿಳಿದಾಗ ನಾಚಿಕೆಯಾಯಿತು. ಅಣ್ಣ ಹೆದರಿದ್ದು ಸುಳ್ಳಾಗಿರಲಿಲ್ಲ.

ಒಂಬತ್ತನೆಯ ದಿನ ಹೋದೆ. ಸೈಕಲ್ಲಿಗೆ ಏನೂ ಕಟ್ಟಿಕೊಂಡಿರಲಿಲ್ಲ, ಏನು ಹೇಳಬೇಕೆಂದೂ ಯೋಚಿಸಿರಲಿಲ್ಲ. ಅಣ್ಣ ಟ್ಯೂಬಿಗೆ ಪ್ಯಾಚು ಹಾಕುತ್ತಿದ್ದ. ತಲೆ ಎತ್ತಲಿಲ್ಲ, ಆದರೆ ಅವನ ಕೈ ನಿಂತಿತು.

“ಏನರ ಕೆಲಸ ಇತ್ತೇನು?” ಎಂದು ಕೇಳಿದ.

“ಏನಿಲ್ಲ,” ಎಂದೆ.

ಅವನು ಬೆಂಚಿನ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದ.